ಏಳನೆಯವಳು

ಪಾತ್ರೆ ಮಾರುವವನು ಸಜ್ನುವಿನ ಕಸೂತಿ ಚೀಲವನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ನಾನು ಅಂಗಳಕ್ಕೆ ಕಾಲಿಟ್ಟೆ.

"ನೀರು ಹೊತ್ತ ಹೆಂಗಸರು ಆರು ಜನ ಇದಾರೆ. ಏಳನೇದು ಬರೀ ಗೆರೆ," ಎಂದ ಅವನು. "ಅರ್ಧಂಬರ್ಧ ಮಾಲು, ಮಾ. ಎರಡು ಬಿಂದಿಗೆ ಗಿಟ್ಟಲ್ಲ. ಒಂದು ಬಿಂದಿಗೆ, ಅದಕ್ಕೊಂದು ಮುಚ್ಚಳ ಕೊಡ್ತೀನಿ."

ಮಂಚದ ಮೇಲೆ ಕುಳಿತಿದ್ದ ಸಜ್ನು, "ಆಯ್ತಪ್ಪ, ಸರಿಯಾಗಿ ಕೂರೋ ಮುಚ್ಚಳ ನೋಡಿ ಕೊಡು," ಎಂದಳು.

ಮುಚ್ಚಳವಂತೆ! ನನ್ನ ಮೈ ಉರಿದುಹೋಯಿತು.

"ಚೀಲ ಕೆಳಗಿಡೋ," ಎಂದೆ.

"ನೀವ್ಯಾರು, ಬೆನ್?"

"ಇಡು ಅಂದೆ. ಇಲ್ಲಾಂದ್ರೆ ನಿನ್ನ ಬಿಂದಿಗೆ ನಿನ್ನ ತಲೆಗೇ ಮಗುಚಿ ಹಾಕ್ತೀನಿ. ಆಮೇಲೆ ಮುಚ್ಚಳ ಹುಡುಕ್ಕೊಂಡು ಹೋಗು."

ಅವನು ಚೀಲವನ್ನು ಮಂಚದ ಮೇಲೆ ಎಸೆದು, ಮೋಟಾರು ಸೈಕಲ್ಲಿಗೆ ಪಾತ್ರೆಗಳನ್ನು ಬಿಗಿದು, "ಝಾಂಖರದ ಹೆಂಗಸರಿಗೆಲ್ಲ ಬಿಸಿಲು ತಲೆಗೇರಿದೆ," ಎಂದು ಗೊಣಗುತ್ತ ಹೊರಟ. ಊರಾಚೆಯ ಜಾಲಿ ಮರಗಳವರೆಗೂ ಅವನ ಸ್ಟೀಲು ಗಡಗಡಿಸಿತು.

"ಬಂದ್ಲು ನೋಡು," ಎಂದಳು ಸಜ್ನು, ನನ್ನ ಕಡೆ ತಿರುಗದೆ. "ಈ ದನಿ ಕೇಳಿದ್ರೆ ಈದ ಕುರಿಯೂ ಹಾಲು ಎಳ್ಕೊಳ್ಳುತ್ತೆ."

ತಿರುಗದೆ ಇದ್ದದ್ದು ಬಿಂಕದಿಂದಲ್ಲ. ಎರಡು ವರ್ಷದಿಂದ ಅವಳ ಕಣ್ಣಿಗೆ ನಟ್ಟ ನಡುವೆ ಮಸಿ ಬಡಿದಂತಾಗಿದೆ. ಎದುರಿಗಿದ್ದದ್ದು ಕಾಣುವುದಿಲ್ಲ, ಪಕ್ಕದ್ದು ಒಂದಿಷ್ಟು ಕಾಣುತ್ತದೆ. ಯಾರನ್ನಾದರೂ ನೋಡಬೇಕಾದರೆ ಕೋಳಿಯ ಹಾಗೆ ಕತ್ತು ಓರೆ ಮಾಡುತ್ತಾಳೆ. ಭುಜ್‌ನ ಡಾಕ್ಟರು ನರ ಒಣಗಿದೆ, ಹೋದದ್ದು ಹೋಯಿತು ಅಂದುಬಿಟ್ಟರು. ಇದನ್ನು ಅಣ್ಣ ನನಗೆ ಫೋನಿನಲ್ಲಿ ಹೇಳಿದಾಗ, ಬರಗಾಲ ಬಂತಂತೆ ಎಂದು ಹೇಳುವ ದನಿಯಲ್ಲಿ ಹೇಳಿದ್ದ.

ಸಜ್ನು ನನ್ನ ಅಣ್ಣ ರಣಮಲ್‌ನ ಹೆಂಡತಿ. ನನ್ನ ಗಂಡನ ತಂಗಿಯೂ ಹೌದು. ಅವಳನ್ನು ನಮ್ಮ ಮನೆಗೆ ತಂದರು, ನನ್ನನ್ನು ಅವರ ಮನೆಗೆ ಕೊಟ್ಟರು. ಹೀಗೆ ಕೊಟ್ಟು ತರುವುದು ನಮ್ಮ ರಬಾರಿಗಳಲ್ಲಿ ಹೊಸದಲ್ಲ. ಇಬ್ಬರ ಮದುವೆಯೂ ಒಂದೇ ಗೋಕುಲಾಷ್ಟಮಿಯ ದಿನ ಆಯಿತು. ಆಗ ನನಗೆ ಹದಿನೈದು, ಅವಳಿಗೂ ಹದಿನೈದು. ಆದರೆ ಮದುವೆಯಾದ ಮಾತ್ರಕ್ಕೆ ನಮ್ಮಲ್ಲಿ ಹೆಣ್ಣು ಗಂಡನ ಮನೆ ತುಂಬುವ ಹಾಗಿರಲಿಲ್ಲ. ತನ್ನ ಘಾಗ್ರಾ, ರವಿಕೆ, ಮುಸುಕು, ಮುಂದೆ ಹುಟ್ಟುವ ಕೂಸಿನ ಟೊಪ್ಪಿಗೆ, ಬಾಗಿಲ ತೋರಣ, ಇವನ್ನೆಲ್ಲ ತನ್ನ ಕೈಯಾರೆ ಕಸೂತಿ ಹಾಕಿ ಮುಗಿಸಬೇಕು. ಕೊನೆಗೆ ಅದಷ್ಟನ್ನೂ ತುಂಬಿಕೊಂಡು ಹೋಗುವ ದೊಡ್ಡ ಚೀಲ. ಆ ಚೀಲದ ಮುಖಕ್ಕೆ ನೀರು ಹೊತ್ತ ಏಳು ಹೆಂಗಸರು. ನಮ್ಮ ಊರುಗಳ ಲೆಕ್ಕದಲ್ಲಿ ಏಳನೆಯವಳು ಹೊಲಿಯುವವಳೇ. ತನ್ನನ್ನು ತಾನು ಕೊನೆಗೆ ಹೊಲಿದುಕೊಂಡು, ದಾರ ಕಡಿದು, ಒಂಟೆ ಹತ್ತಬೇಕು.

ಕೊಟ್ಟು ತಂದ ಸಂಬಂಧದಲ್ಲಿ ಇನ್ನೊಂದು ಕಂಟಕವಿದೆ. ಎರಡೂ ಹೆಣ್ಣುಗಳು ಒಟ್ಟಿಗೆ ಹೋಗಬೇಕು. ಒಬ್ಬಳು ಸಿದ್ಧಳಾದರೆ ಸಾಲದು.

ನಾನು ಹತ್ತೊಂಬತ್ತಕ್ಕೆ ಮುಗಿಸಿದೆ. ನನ್ನ ಹೊಲಿಗೆ ನೋಡಿ ನಮ್ಮ ಮಾ, "ಇದು ಕಸೂತಿಯಲ್ಲ ಲಾಚು, ಮುಳ್ಳುಬೇಲಿ," ಅಂದಿದ್ದಳು. ಇರಲಿ, ಬೇಲಿಯೋ ಗೀಲಿಯೋ, ಮುಗಿದಿತ್ತು. ಸಜ್ನು ಮುಗಿಸಲಿಲ್ಲ. ಅವಳ ಸರಪಳಿ ಹೊಲಿಗೆಯ ಒಂದೊಂದು ಕೊಂಡಿಯೂ ಸಾಸಿವೆ ಕಾಳಿನಷ್ಟು. ಬಟ್ಟೆಯನ್ನು ತಿರುವಿ ಹಾಕಿದರೆ ಹಿಂಬದಿ ಯಾವುದು, ಮುಂಬದಿ ಯಾವುದು ಎಂದು ಮುದುಕಿಯರೇ ಪಂಥ ಕಟ್ಟುತ್ತಿದ್ದರು. ಇಪ್ಪತ್ತಾಯಿತು, ಇಪ್ಪತ್ಮೂರಾಯಿತು. ಅವಳು ಗಿಳಿಗಳ ರೆಕ್ಕೆಯಲ್ಲೇ ಇದ್ದಳು.

ನನ್ನ ಗಂಡ ಎಂಟು ತಿಂಗಳು ಕುರಿಗಳ ಹಿಂದೆ ದೂರದ ಹತ್ತಿ ಸೀಮೆಗಳಲ್ಲಿ ಇರುತ್ತಿದ್ದ. ಮಳೆಗಾಲಕ್ಕೆ ಹಿಂದಿರುಗುವಾಗ ನಮ್ಮೂರ ಬಾವಿಯ ಹತ್ತಿರ ಒಂಟೆಗೆ ನೀರು ಕುಡಿಸುವ ನೆಪದಲ್ಲಿ ನಿಲ್ಲುತ್ತಿದ್ದ. ದಾರಿಯುದ್ದಕ್ಕೂ ತಾನೇ ಕದಿರಿನಲ್ಲಿ ನೂತ ಕರಿ ಉಣ್ಣೆಯ ಉಂಡೆಯೊಂದನ್ನು ಬಾವಿಯ ಕಟ್ಟೆಯ ಮೇಲೆ ಇಟ್ಟು, ಬೇರೆ ಕಡೆ ನೋಡುತ್ತ ಕೇಳುತ್ತಿದ್ದ:

"ನನ್ನ ತಂಗಿ ಎಲ್ಲಿಗೆ ಬಂದ್ಲಂತೆ?"

"ಗಿಳಿಗೆ."

"ಗಿಳಿ ಆದ್ಮೇಲೆ?"

"ಚೇಳು."

"ಚೇಳು ಆದ್ಮೇಲೆ?"

"ನನ್ನ ಹೆಣ."

ಅವನು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಅಂಥ ಉಂಡೆಗಳು ಏಳು ಕೂಡಿದವು. ರಾತ್ರಿ ಅವುಗಳಿಗೆ ಮೂಗು ತಾಗಿಸಿದರೆ ಕುರಿಯ ವಾಸನೆ, ಬೀಡಿಯ ವಾಸನೆ. ಮನುಷ್ಯ ಮಾತ್ರ ಇಲ್ಲ.

ಇಪ್ಪತ್ತಾರು ತುಂಬಿದ ವರ್ಷ ತಡೆಯಲಾರದೆ ನಾನೇ ಅವಳ ಊರಿಗೆ ನಡೆದುಹೋದೆ. ಅವಳು ಬೇವಿನ ನೆರಳಲ್ಲಿ ಕುಳಿತು ಚೀಲದ ಮುಖ ಹೊಲಿಯುತ್ತಿದ್ದಳು. ಐದು ಹೆಂಗಸರು ಮುಗಿದಿದ್ದರು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಊರಿನ ನಾಯಿಗಳು ಎದ್ದು ನಿಂತವು. ಅವಳು ಸೂಜಿ ಬಿಡಲಿಲ್ಲ.

"ಗಂಡ ಎಲ್ಲಿ ಹೋಗ್ತಾನೆ ಲಾಚು? ಅವನು ಸಿಕ್ಕೇ ಸಿಗ್ತಾನೆ," ಎಂದಳು. "ಈ ಕೈ ಸಿಗಲ್ಲ. ಅಲ್ಲಿಗೆ ಹೋದ್ಮೇಲೆ ಇದು ಸಗಣಿಗೆ, ಮಜ್ಜಿಗೆಗೆ, ಕೂಸುಗಳ ಅಂಡು ತೊಳೆಯೋಕೆ. ಇರೋಷ್ಟು ದಿನ ಇರಲಿ ಬಿಡೇ."

"ಹಾಗಾದ್ರೆ ಆ ಸೂಜಿನೇ ಕಟ್ಕೊಂಡು ಬಾಳು!"

ಎರಡು ವಾರ ಕಳೆದ ಮೇಲೆ ಮಾತೆಯ ಗುಡಿಯಲ್ಲಿ ಸುತ್ತಲಿನ ಊರುಗಳ ಹಿರಿಯರು ಸೇರಿದರು. ವಿಷಯ ಇದೇ. ಎಷ್ಟೋ ಹೆಣ್ಣುಗಳು ಮೂವತ್ತರ ಹತ್ತಿರ ಬಂದಿದ್ದರು, ಎಷ್ಟೋ ಸಂಬಂಧಗಳು ಕಾಯಲಾರದೆ ಮುರಿದಿದ್ದವು. ಗಂಡಸರು ಬೆಳಗಿನಿಂದ ಬೀಡಿ ಸುಡುತ್ತ, ಹೌದು ಅಲ್ಲ ಎಂದು ಎಳೆದಾಡುತ್ತಿದ್ದರು. ನಾನು ಮುಸುಕು ಎಳೆದುಕೊಂಡು ಒಳಗೆ ನುಗ್ಗಿ, ನನ್ನ ತುಂಬಿದ ಚೀಲವನ್ನು ಅವರ ನಡುವೆ ಎಸೆದೆ.

"ಇದು ಮುಗಿದು ಏಳು ವರ್ಷ ಆಯ್ತು, ಬಾಪಾ. ಇದರಲ್ಲಿ ಇಲಿ ಮರಿ ಹಾಕಿದೆ, ನಾನು ಹಾಕಿಲ್ಲ. ನಮ್ಮ ವಯಸ್ಸನ್ನ ಈ ಬಟ್ಟೆಗೆ ಹೊಲಿದು ನಿಮ್ಮ ಗೋಡೆಗೆ ತೂಗುಹಾಕ್ಕೋತೀರಾ? ಹಾಕ್ಕೊಳ್ಳಿ. ಇಲ್ಲಾ, ಈ ದರಿದ್ರ ಸೂಜಿನ ಇವತ್ತೇ ಮುರೀರಿ."

ನನ್ನೊಬ್ಬಳ ಮಾತಿನಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಆದರೆ ಜನ ನೆನಪಿಟ್ಟದ್ದು ನನ್ನ ಮಾತನ್ನೇ. ಅಂದು ಸಂಜೆ ತೀರ್ಮಾನವಾಯಿತು: ಇನ್ನು ಮೇಲೆ ನಮ್ಮ ಹೆಂಗಸರು ಕಸೂತಿ ಹಾಕಬಾರದು, ಹಾಕಿದ್ದನ್ನು ತೊಡಬಾರದು. ತಪ್ಪಿದವರು ಮಾತೆಯ ಮುಂದೆ ಹತ್ತು ಊರಿನೆದುರು ತಪ್ಪೊಪ್ಪಿಕೊಳ್ಳಬೇಕು. ಯಾರ ಸೂಜಿ ಎಲ್ಲಿತ್ತೋ ಅಲ್ಲೇ ನಿಂತಿತು. ತಿಂಗಳೊಳಗೆ ನಾನು ಸಜ್ನುವಿನ ಮನೆಗೆ ಹೋದೆ, ಸಜ್ನು ನಮ್ಮ ಮನೆಗೆ ಬಂದಳು. ಏಳನೆಯವಳ ಗೆರೆ ಮಾತ್ರ ಎಳೆದಿದ್ದ ಚೀಲವನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಹಗ್ಗದ ಮೇಲೆ ಹರಡಿ ಊರಿಗೆ ತೋರಿಸುವ ಶಾಸ್ತ್ರವೂ ಇಲ್ಲವಾಯಿತು. ಇವತ್ತಿನವರೆಗೆ ನಾನೂ ಅದನ್ನು ಬಿಡಿಸಿ ನೋಡಿರಲಿಲ್ಲ.

ಅಷ್ಟು ಹಾರಾಡಿ ನನಗೆ ಸಿಕ್ಕಿದ್ದು ಎಂಟು ಮಳೆಗಾಲ. ಎಂಟನೆಯ ವರ್ಷ ಯಾವುದೋ ಊರಿನ ಹತ್ತಿ ಹೊಲದಲ್ಲಿ ಜ್ವರ ಬಂದು ಅವನು ಹೋದ. ಜೊತೆಯವರು ಅವನ ಕದಿರು ತಂದುಕೊಟ್ಟರು. ಅದರಲ್ಲಿ ಅರ್ಧ ನೂತ ಎಳೆ ಹಾಗೇ ಇತ್ತು. ಮಗಳೊಬ್ಬಳಿದ್ದಳು, ಅವಳನ್ನು ಬೆಳೆಸಿ ಕಳಿಸಿದೆ. ಈಗ ಯೋಚಿಸಿದರೆ, ಅವನ ಜೊತೆ ಬಾಳಿದ್ದಕ್ಕಿಂತ ಅವನಿಗಾಗಿ ಕಾದದ್ದೇ ಹೆಚ್ಚು. ಕಾಯುವಾಗ ಬೈದುಕೊಂಡ ಆ ವರ್ಷಗಳೇ ಈಗ ಬೇಕು ಅನ್ನಿಸುತ್ತವೆ. ಆಗ ಅವನು ಎಲ್ಲೋ ಒಂದು ಕಡೆ ನಡೆಯುತ್ತಿದ್ದನಲ್ಲ.

ಈ ಸಲ ನಾನು ತವರಿಗೆ, ಝಾಂಖರಕ್ಕೆ ಬಂದದ್ದು ಸಜ್ನುವಿನ ಕಿರಿಮಗಳು ಹೀರುವನ್ನು ಗಂಡನ ಮನೆಗೆ ಕಳಿಸುವ ತಯಾರಿಗೆ. ಒಳಗಿನಿಂದ ಅವಳು ನೀರು ತಂದುಕೊಟ್ಟಳು. ಹತ್ತೊಂಬತ್ತರ ಹುಡುಗಿ, ಮುಖದಲ್ಲಿ ಇನ್ನೂ ತಾಯಹಾಲಿನ ಕಳೆ. ಅಪ್ಪನ ತಂಗಿಯಾದ ನಾನು ಅವಳಿಗೆ ಫೋಯಿ.

"ಫೋಯಿ, ಪಾತ್ರೆಯವನನ್ನ ಓಡಿಸಿದ್ರಂತೆ. ನನ್ನ ಬಿಂದಿಗೆ ಹೋಯ್ತು."

"ನಿನ್ನ ಅಪ್ಪನಿಗೆ ಹೇಳು, ಅಂಜಾರ್ ಬಜಾರಿನಿಂದ ನಾಲ್ಕು ತರ್ತಾನೆ. ನಿಮ್ಮಮ್ಮನಿಗೆ ಬುದ್ಧಿ ಕೆಟ್ಟಿದೆ."

ಹೀರು ತನ್ನ ಚೀಲ ತೋರಿಸಿದಳು. ಮಿಶಿನ್ನಿನಲ್ಲಿ ಹೊಲಿದದ್ದು. ಗುಲಾಬಿ ರಿಬ್ಬನ್ನು, ಜರಿ ಪಟ್ಟಿ, ಬಜಾರಿನ ಮಿರಿಮಿರಿ ಚಮಕಿ. ಮೂರು ದಿನದಲ್ಲಿ ಮುಗಿಸಿದಳಂತೆ.

"ಹೇಗಿದೆ?"

"ಲಾರಿಗೆ ಹೊರಿಸೋ ಹಾರದ ಹಾಗಿದೆ."

ಅವಳು ಬಿದ್ದು ಬಿದ್ದು ನಕ್ಕಳು. "ಬೈಕೊಳ್ಳಿ. ಆದ್ರೆ ನೀವು ಅವತ್ತು ಗುಡಿಯಲ್ಲಿ ಕಿರುಚದೆ ಇದ್ದಿದ್ರೆ ನಾನು ಮೂವತ್ತರವರೆಗೂ ಇಲ್ಲೇ ಕೂತು ಗಿಳಿ ಹೊಲೀಬೇಕಿತ್ತು. ಅವನು ಕಾಯ್ತಿದ್ನಾ? ಒಂದು ತಿಂಗಳಲ್ಲೇ ಹದಿನೈದು ಸಲ ಫೋನ್ ಮಾಡಿದಾನೆ."

ಅದೂ ನಿಜ. ಅದು ನಿಜ ಅಲ್ಲದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಹೀರು ಒಲೆಯ ಕಡೆ ಹೋದಳು. ನಾನು ಮಂಚದ ಮೇಲೆ ಸಜ್ನುವಿನ ಪಕ್ಕ ಕುಳಿತು ಚೀಲವನ್ನು ಅವಳ ತೊಡೆಯ ಮೇಲೆ ಹರಡಿದೆ.

"ಇದನ್ನ ಕೊಡೋಕೆ ಹೊರಟಿದ್ಯಲ್ಲ, ನಾಚಿಕೆ ಆಗಲ್ವಾ?"

"ಕುರುಡಿಗೆ ಎಂಥ ಕಸೂತಿ?"

"ಪೂರ್ತಿ ಕುರುಡಿ ಆಗಿಲ್ಲ ನೀನು. ಪಕ್ಕದ್ದು ಕಾಣುತ್ತೆ. ಸಜ್ನು, ಕೇಳಿಲ್ಲಿ. ಅದೂ ಹೋಗೋಕೆ ಮುಂಚೆ ಇದೊಂದನ್ನ ಮುಗಿಸು. ನಿನ್ನನ್ನ ಹೊಲ್ಕೊಂಡುಬಿಡು. ಹೀರು ಹೋಗೋವರೆಗೂ ಇಲ್ಲೇ ಇರ್ತೀನಿ. ರೊಟ್ಟಿ ನಾನು ಬಡೀತೀನಿ, ಹಾಲು ನಾನು ಕರೀತೀನಿ. ನೀನು ಹೊಲಿ."

"ಹಿರಿಯರ ಮಾತಿದೆ. ನಿಮ್ಮಣ್ಣ ಈಗ ಪಂಚರಲ್ಲಿ ಒಬ್ಬ. ಜೀವೀ ಮಾ ಮೊಮ್ಮಗಳ ಟೊಪ್ಪಿಗೆಗೆ ಒಂದೇ ಒಂದು ಗಿಳಿ ಹಾಕಿದ್ದಕ್ಕೆ ಗುಡಿ ಮುಂದೆ ಮಂಡಿಯೂರಿದ್ಲು. ಎಪ್ಪತ್ತರ ಮುದುಕಿ. ನಾನು ನಿಂತು ನೋಡಿದೀನಿ. ಅವಳಿಗೊಂದು ನ್ಯಾಯ, ಪಂಚನ ಹೆಂಡತಿಗೊಂದು ನ್ಯಾಯಾನಾ?"

"ಆ ಮಾತು ಹೊರಡಿಸಿದ್ದೇ ನಾನು. ನಾನೇ ಹೇಳ್ತಿದೀನಿ, ಹೊಲಿ. ಗುಡಿ ಮುಂದೆ ನಾನು ಮಂಡಿಯೂರ್ತೀನಿ, ನಿನಗೇನು?"

ಅವಳು ಚೀಲದ ಮೇಲೆ ಬೆರಳು ಆಡಿಸತೊಡಗಿದಳು. ಒರಟಾದ, ಉಗುರು ಸೀಳಿದ ಬೆರಳುಗಳು. ಆದರೂ ಕೊಂಡಿಯಿಂದ ಕೊಂಡಿಗೆ ಇರುವೆಯ ಹಾಗೆ ನಡೆದವು.

"ಇವಳು ನನ್ನ ಅಜ್ಜಿ," ಎಂದಳು. "ಇವಳು ನಮ್ಮ ಮಾ. ಇವಳು ನಿನ್ನ ಮಾ, ನನ್ನ ಅತ್ತೆ. ಬಿಂದಿಗೆ ಒಂಚೂರು ವಾಲಿಸಿದೀನಿ ನೋಡು, ಅವಳು ಯಾವಾಗಲೂ ನೀರು ಚೆಲ್ತಿದ್ಲಲ್ಲ. ಇವಳು ನಮ್ಮ ದೊಡ್ಡಕ್ಕ. ಇವಳು ನಮ್ಮ ಫೋಯಿ."

"ಆರನೆಯವಳು?"

"ಮುಖ ಮುಟ್ಟಿ ನೋಡು."

ನಮ್ಮ ಕಸೂತಿಯ ಹೆಂಗಸರಿಗೆ ಮುಖವೆಂದರೆ ಒಂದು ದುಂಡು ಕನ್ನಡಿ ಬಿಲ್ಲೆ, ಅಷ್ಟೇ. ಕಣ್ಣಿಲ್ಲ, ಮೂಗಿಲ್ಲ. ಆರನೆಯವಳ ಬಿಲ್ಲೆಯ ಕೆಳಗೆ ನನ್ನ ಬೆರಳಿಗೆ ಏನೋ ಗಂಟಿನಂಥದು ಸಿಕ್ಕಿತು. ಬಗ್ಗಿ ನೋಡಿದೆ. ಕೆಂಪು ದಾರದಲ್ಲಿ ಹಾಕಿದ ಪುಟ್ಟ ಬಾಯಿ. ತೆರೆದ ಬಾಯಿ.

"ನೀನು ಬಂದು ಕಿರುಚಿ ಹೋದ ಮಧ್ಯಾಹ್ನ ಹಾಕಿದ್ದು," ಎಂದಳು ಸಜ್ನು. "ಆಮೇಲೆ ಬಿಚ್ಚೋಣ ಅಂದ್ಕೊಂಡೆ, ಬಾಯಿರೋ ಹೆಂಗಸನ್ನ ಯಾರು ಹೊಲೀತಾರೆ ಅಂತ. ಮನಸ್ಸಾಗ್ಲಿಲ್ಲ. ಹಗ್ಗದ ಮೇಲೆ ತೂಗಿದ ದಿನ ನೀನೇ ಗುರುತು ಹಿಡಿದು ಜಗಳ ತೆಗೀಲಿ ಅಂತ ಇದ್ದೆ."

ಆ ಕೆಂಪು ಬಾಯಿಯನ್ನು ಮತ್ತೊಮ್ಮೆ ಬೆರಳಿನಿಂದ ಸವರಿದೆ.

"ಇನ್ನು ನಿಜ ಹೇಳ್ತೀನಿ," ಎಂದಳು ಅವಳು ದನಿ ತಗ್ಗಿಸಿ. "ನನ್ನನ್ನ ತಡೆದದ್ದು ಪಂಚರೂ ಅಲ್ಲ, ಗುಡಿಯೂ ಅಲ್ಲ. ಹೋದ ಚಳಿಗಾಲ ಮನೇಲಿ ಯಾರೂ ಇಲ್ಲದಾಗ ಮೂರು ಸಲ ಸೂಜಿ ಹಿಡಿದೆ. ಹೀರು ಕೈಲಿ ದಾರ ಪೋಣಿಸಿ ಇಟ್ಕೊಂಡಿದ್ದೆ, ಗೋಣಿ ಹೊಲೀತೀನಿ ಅಂತ ಸುಳ್ಳು ಹೇಳಿ. ಒಂದು ಕೊಂಡಿ ಇಲ್ಲಿ ಬಿತ್ತು, ಇನ್ನೊಂದು ಅಲ್ಲಿ ಬಿತ್ತು. ನಿನ್ನ ಹೊಲಿಗೆಗಿಂತ ಕಡೆ. ಎಲ್ಲ ಬಿಚ್ಚಿಹಾಕಿದೆ. ನೀನು ಎರಡು ವರ್ಷ ಮುಂಚೆ ಬಂದು ಹೀಗೆ ಬೈದಿದ್ರೆ ಆಗ್ತಿತ್ತೇನೋ ಲಾಚು. ಈಗ ಆಗಲ್ಲ. ಅದಕ್ಕೇ ಬಿಂದಿಗೆಯಾದ್ರೂ ಬರಲಿ ಅಂತ..."

ಎರಡು ವರ್ಷ. ಮಾಡಬಾರದ ಕಡೆ ಅವಸರ ಮಾಡಿದೆ, ಮಾಡಬೇಕಾದ ಕಡೆ ತಡ ಮಾಡಿದೆ. ಯಾರನ್ನು ಬೈಯಲಿ? ಏಳನೆಯವಳ ಗೆರೆಯನ್ನೇ ನೋಡುತ್ತ ಕುಳಿತೆ. ಮಸುಕಾದ ಮಣ್ಣಿನ ಬಣ್ಣದ ಗೆರೆ, ಎತ್ತಿದ ಕೈ, ತಲೆಯ ಮೇಲೆ ಖಾಲಿ ಬಿಂದಿಗೆ. ನೋಡುತ್ತ ನೋಡುತ್ತ ಕೇಳಿಯೇಬಿಟ್ಟೆ.

"ನಾನು ಹೊಲೀಲಾ?"

ಸಜ್ನು ಕತ್ತನ್ನು ಪೂರ್ತಿ ಓರೆ ಮಾಡಿ ನನ್ನನ್ನು ನೋಡಿದಳು.

"ನೀನಾ? ನನ್ನನ್ನಾ?" ಎಂದಳು. "ಅಯ್ಯೋ ಮಾತೆ! ಬೇಲಿ ಹೊಲಿಯೋಳು!"

"ನೀನು ಮುಟ್ಟಿ ನೋಡಿ ಹೇಳು. ಸರಿಯಿಲ್ಲ ಅಂದ್ರೆ ಬಿಚ್ತೀನಿ."

"ಬಿಚ್ತೀಯಾ? ಹುಟ್ಟಿದಾಗಿನಿಂದ ಒಂದು ಹೊಲಿಗೆ ಬಿಚ್ಚಿದೀಯಾ ನೀನು?"

"ಬಿಚ್ತೀನಿ ಅಂದ್ನಲ್ಲ!"

ಅವಳು ಆರನೆಯವಳ ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ಸವರಿದಳು. ಆಮೇಲೆ, "ಪೆಟ್ಟಿಗೆ ತಳದಲ್ಲಿ ತಗಡಿನ ಡಬ್ಬಿ ಇದೆ," ಎಂದಳು.

ಡಬ್ಬಿಯಲ್ಲಿ ಅಂದಿನ ದಾರದ ಲಡಿಗಳೇ ಇದ್ದವು. ಕೆಂಪು, ಹಳದಿ, ಗಿಳಿಹಸಿರು. ಒಂದು ಸೂಜಿ. ಹತ್ತಿಯಲ್ಲಿ ಸುತ್ತಿಟ್ಟ ಒಂದು ಕನ್ನಡಿ ಬಿಲ್ಲೆ, ಅವಳು ತನ್ನ ಮುಖಕ್ಕೆಂದು ಆರಿಸಿ ಎತ್ತಿಟ್ಟದ್ದು. ಸೂಜಿಗೆ ದಾರ ಪೋಣಿಸಿದೆ. ನನಗೂ ಚಾಳೀಸು ಬಂದಿದೆ, ನಾಲ್ಕು ಸಲ ತಪ್ಪಿತು. ಘಾಗ್ರಾದ ಅಂಚಿನಿಂದ ಶುರು ಮಾಡಿದೆ. ಐದು ಕೊಂಡಿ ಹಾಕಿದೆ. ನನ್ನ ಮಟ್ಟಿಗೆ ಚೆನ್ನಾಗಿಯೇ ಬಂದವು. ಸಜ್ನು ಹೆಬ್ಬೆರಳಿನಿಂದ ಸವರಿದಳು.

"ಬಿಚ್ಚು."

ಬಿಚ್ಚಿದೆ. ಮತ್ತೆ ಹಾಕಿದೆ.

"ಮೂರನೇದು ಸಡಿಲ. ದಾರ ಎಳೀಬೇಡ, ಅದು ಕುರಿಯಲ್ಲ. ಅದಾಗೇ ಕೂರಲಿ. ಬಿಚ್ಚು."

ಬಿಚ್ಚಿದೆ. ನನ್ನ ಕಿವಿ ಬಿಸಿಯಾಯಿತು. ಸೂಜಿ ಎಸೆದು ಎದ್ದು ಹೋಗೋಣ ಅನ್ನಿಸಿತು. ಹಲ್ಲು ಕಚ್ಚಿ ಮತ್ತೆ ಹಾಕಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಕೋಲು ಸದ್ದಾಯಿತು. ನನ್ನ ಅಣ್ಣ ರಣಮಲ್ ರೊಟ್ಟಿಗೆ ಬಂದಿದ್ದ. ಬಿಳಿ ರುಮಾಲು, ಕಿವಿಯಲ್ಲಿ ಬಂಗಾರದ ಒಂಟಿ. ಹಿರಿತನ ಬಂದ ಮೇಲೆ ಕೆಮ್ಮುವುದಕ್ಕೂ ಮುಹೂರ್ತ ನೋಡುತ್ತಾನೆ. ಅವನ ಕಣ್ಣು ಸೂಜಿಯ ಮೇಲೆ ಬಿತ್ತು.

"ಏನಿದು?"

"ಕಾಣಲ್ವಾ? ನಿನಗೂ ನರ ಒಣಗ್ತಾ?" ಎಂದೆ.

"ಲಾಚು, ಹತ್ತು ಊರಿನ ಮಾತಿದು. ನಾನು ಇನ್ನೊಬ್ಬರ ಮನೆಗೆ ಹೋಗಿ ನ್ಯಾಯ ಹೇಳೋನು. ನನ್ನ ಮನೇಲೇ..."

"ಜೀವೀ ಮಾ ಕೈಲಿ ಮಂಡಿಯೂರಿಸಿದ್ಯಲ್ಲ, ನನ್ನನ್ನೂ ಊರಿಸು. ನಡಿ, ಈಗ್ಲೇ ಗುಡಿಗೆ ಹೋಗೋಣ. ಮುಂದೆ ನಾನಿರ್ತೀನಿ."

ಸಜ್ನುವಿನ ಹೆಬ್ಬೆರಳು ಬಟ್ಟೆಯ ಮೇಲೆ ನಿಂತೇ ಇತ್ತು. ಅಣ್ಣ ಆ ಬೆರಳನ್ನು ನೋಡಿದ. ಅದನ್ನು ಅವನು ಎಷ್ಟು ವರ್ಷಗಳಿಂದ ನೋಡಿರಲಿಲ್ಲವೋ ಏನೋ. ಆಮೇಲೆ ಕೋಲೂರಿ ಬಗ್ಗಿ, ನಾನು ಹಾಕಿದ ಐದು ಕೊಂಡಿಗಳನ್ನು ಹತ್ತಿರದಿಂದ ದಿಟ್ಟಿಸಿದ.

"ಇದು ಯಾರು ಹೊಲಿದದ್ದು?"

"ನಾನು."

"ನಿನ್ನದಾ?" ಅವನು ನೆಟ್ಟಗಾದ. "ಹಾಗಾದ್ರೆ ಬಿಡು. ಪಂಚರು ನಿಲ್ಲಿಸಿರೋದು ಕಸೂತಿ. ಇದನ್ನ ನೋಡಿ ಯಾರೂ ಕಸೂತಿ ಅನ್ನಲ್ಲ."

ಹೀರು ಒಲೆಯ ಮುಂದೆ ಕಿಸಕ್ಕನೆ ನಕ್ಕಳು. ಅಣ್ಣ ಒಳಗೆ ಹೋಗಿ ಸಜ್ಜೆ ರೊಟ್ಟಿಗೆ ತುಪ್ಪ ಕಡಿಮೆಯಾಯಿತೆಂದು ಮಗಳನ್ನು ಗದರಿದ. ಉಂಡಾದ ಮೇಲೆ ದಿನದ ಹಾಗೆ ಬೇವಿನ ಕೆಳಗೆ ಮಲಗಲಿಲ್ಲ. ಹೊಸ್ತಿಲ ಮೇಲೆ ನಮಗೆ ಬೆನ್ನು ಹಾಕಿ ಕುಳಿತು ಬೀಡಿ ಹಚ್ಚಿದ. ಯಾರೋ ಮಾತಾಡಿಸಲು ಬಂದರೆ ಅಂಗಳದಾಚೆಯೇ ನಿಲ್ಲಿಸಿ ಕಳಿಸಿದ.

"ಬಿಚ್ಚು," ಎಂದಳು ಸಜ್ನು.

ಆ ದಿನ ಹೊತ್ತು ಮುಳುಗುವಷ್ಟರಲ್ಲಿ ಉಳಿದದ್ದು ಎರಡು ಕೊಂಡಿ.

ಹೀರು ಹೋದಳು. ಗುಲಾಬಿ ರಿಬ್ಬನ್ನಿನ ಚೀಲ ಒಂಟೆಯ ಮೇಲಲ್ಲ, ಜೀಪಿನ ಮೇಲೆ ಹೋಯಿತು. ನಾನು ನನ್ನ ಊರಿಗೆ ಹಿಂದಿರುಗಿದೆ. ಆದರೆ ತಿಂಗಳಿಗೊಮ್ಮೆ ಬಸ್ಸು ಹಿಡಿದು ಝಾಂಖರಕ್ಕೆ ಹೋಗುತ್ತೇನೆ. ಸಜ್ನುವಿಗೆ ಈಗ ಪಕ್ಕದ್ದೂ ಕಾಣುವುದಿಲ್ಲ. ಮೊದಲಿನ ಹಾಗೆ ಕತ್ತು ಓರೆ ಮಾಡುವುದನ್ನು ಬಿಟ್ಟಿದ್ದಾಳೆ. ನೇರವಾಗಿ ಕುಳಿತು ಹೆಬ್ಬೆರಳು ಚಾಚುತ್ತಾಳೆ. ಅವಳ ಹೆಬ್ಬೆರಳು ನಿಂತ ಕಡೆ ನನ್ನ ಸೂಜಿ ನಿಲ್ಲುತ್ತದೆ. ಒಮ್ಮೊಮ್ಮೆ ಅವಳು ಏನೂ ಹೇಳದೆ ಮುಂದಕ್ಕೆ ಸವರುತ್ತಾಳೆ. ಆಗ ನನಗೆ ಬಾವಿಯ ಕಟ್ಟೆಯ ಮೇಲೆ ಉಣ್ಣೆಯ ಉಂಡೆ ಸಿಕ್ಕಿದ ಹಾಗಾಗುತ್ತದೆ.

ಮೊನ್ನೆ ಹೀರು ಗಂಡನ ಮನೆಯಿಂದ ಫೋನ್ ಮಾಡಿದಳು.

"ಫೋಯಿ, ಅಮ್ಮ ಎಲ್ಲಿಗೆ ಬಂದ್ಲು?"

"ಸೊಂಟಕ್ಕೆ."

"ಸೊಂಟ ಆದ್ಮೇಲೆ?"

"ಕೈ."

"ಕೈ ಆದ್ಮೇಲೆ?"

"ಬಿಂದಿಗೆ."

"ಹೀಗೇ ಹೊಲಿದ್ರೆ ಮುಖ ಯಾವಾಗ ಬರುತ್ತೆ? ನನ್ನ ಮಕ್ಕಳ ಮದುವೆಗಾ?"

ಮುಖದ ಬಿಲ್ಲೆ ಇನ್ನೂ ಆ ಡಬ್ಬಿಯಲ್ಲಿ, ಹತ್ತಿಯೊಳಗೇ ಇದೆ. ಹೋದ ಸಲ ನಾನು ಅದನ್ನು ಒರೆಸಿ ಮತ್ತೆ ಅಲ್ಲೇ ಇಟ್ಟು ಬಂದೆ.

"ನಿನಗೇನೇ ಅವಸರ?" ಎಂದೆ.